ಮೂರನೆಯ ಸಲ

ಮೂವತ್ತೆಂಟನೆಯ ನಡೆಗೆ ಆರಾವಮುದನ್ ತನ್ನ ರಾಣಿಯನ್ನು ಮತ್ತೆ ಇ-ಎಂಟನೆಯ ಮನೆಗೆ ತಂದು, ಚೆಕ್ ಕೊಟ್ಟು, ಗಡಿಯಾರದ ಗುಂಡಿ ಕುಟ್ಟಿದ. ನಾನು ಮೊದಲು ಅದನ್ನು ಬರೆದುಕೊಂಡೆ. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದೆ. ಮೂವತ್ತನಾಲ್ಕು, ಮೂವತ್ತಾರು, ಮೂವತ್ತೆಂಟು. ಅದೇ ರಾಣಿ, ಅದೇ ಮನೆ. ನನ್ನ ರಾಜ ಮೂರು ಸಲವೂ ಅದೇ ಜಾಗದಲ್ಲಿ. ಉಳಿದ ಕಾಯಿಗಳಲ್ಲಿ ಒಂದೂ ಮಿಸುಕಿಲ್ಲ.

ಒಂದೇ ಸ್ಥಿತಿ ಮೂರು ಸಲ ಬಂದು, ಸರದಿಯಲ್ಲಿರುವವರು ಕೇಳಿದರೆ ಆಟ ಸಮ. ಇಬ್ಬರಿಗೂ ಅರ್ಧರ್ಧ ಅಂಕ.

ತಮಿಳುನಾಡು ತಂಡದ ಆಯ್ಕೆಗೆ ಅದು ಕೊನೆಯ ಸುತ್ತು. ಮೊದಲ ಮೂವರು ಯಾರೆಂಬುದು ಆಗಲೇ ತೀರ್ಮಾನವಾಗಿತ್ತು. ಉಳಿದ ನಾಲ್ಕನೆಯ ಜಾಗ ನಮ್ಮಿಬ್ಬರ ಮೇಜಿನ ಮೇಲಿತ್ತು. ಸಮವಾದರೆ ನನಗೆ, ಗೆದ್ದರೆ ಅವನಿಗೆ. ಬಂದರಿನ ಕೂಲಿಗಳ ಕೇರಿಯಾದ ನಮ್ಮ ವ್ಯಾಸರಪಾಡಿಯಿಂದ ಅಷ್ಟು ದೂರ ಯಾರೂ ಬಂದಿರಲಿಲ್ಲ. ಒಂಬತ್ತು ದಿನ ರಜೆ ಕೇಳಿದ್ದಕ್ಕೆ ಗಾರ್ಮೆಂಟ್ಸಿನ ಮೇಸ್ತ್ರಿ, "ಏನಮ್ಮ ಮಲರ್ಕೊಡಿ, ಮದ್ವೆನಾ?" ಎಂದಿದ್ದ. ಚದುರಂಗ ಎಂದಾಗ, "ಅದಕ್ಕಿಂತ ಮದ್ವೆನೇ ವಾಸಿ, ಊಟಕ್ಕಾದ್ರೂ ಕರೀತಿದ್ದೆ" ಎಂದು ಎಲ್ಲರೆದುರು ನಕ್ಕಿದ್ದ.

ಆರಾವಮುದನ್ ಒಂದು ಕಾಲಾಳಿನಷ್ಟು ಮುಂದಿದ್ದ, ನಿಜ. ಆದರೆ ಅವನ ಗಡಿಯಾರದಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ. ಎರಡು ಗಂಟೆಯೊಳಗೆ ನಲವತ್ತು ನಡೆ ಮುಗಿಸಬೇಕು. ಮುಗಿಸಿದರೆ ಇನ್ನೊಂದು ಗಂಟೆ ಸಿಗುತ್ತದೆ, ಕೂತು ನಿಧಾನಕ್ಕೆ ನನ್ನನ್ನು ಹಿಂಡಬಹುದು. ಅದಕ್ಕೇ ಯೋಚನೆ ಬೇಡದ ಚೆಕ್ಕುಗಳನ್ನು ಕೊಡುತ್ತ ನಡೆಗಳ ಸಂಖ್ಯೆ ಏರಿಸುತ್ತಿದ್ದ. ಎಲ್ಲ ಆಟಗಾರರೂ ಮಾಡುವ ಕೆಲಸವೇ. ಆದರೆ ಎರಡು ಸಲ ಮಾಡಿ ಮೂರನೆಯದಕ್ಕೆ ದಾರಿ ಬದಲಿಸಬೇಕು. ಅವನು ಎಣಿಕೆ ತಪ್ಪಿದ. ಮೂವತ್ತೊಂದರ ನಂತರ ಅವನು ನಡೆ ಬರೆಯುವುದನ್ನು ಬಿಟ್ಟು ಬರೀ ಗೀಟು ಹಾಕುತ್ತಿದ್ದ. ಐದು ನಿಮಿಷಕ್ಕಿಂತ ಕಡಿಮೆ ಉಳಿದವರಿಗೆ ಆ ರಿಯಾಯಿತಿ ಇದೆ. ನನಗೂ ಉಳಿದದ್ದು ನಾಲ್ಕೇ ನಿಮಿಷ. ನಾನು ಬರೆಯುವುದನ್ನು ಬಿಟ್ಟಿರಲಿಲ್ಲ. "ಮನೆಗೆ ಬೆಂಕಿ ಬಿದ್ರೂ ನಡೆ ಬರ್ದು ಆಮೇಲ್ ಓಡು ತಾಯಿ" ಎಂದು ಕಲಿಸಿದವರು ಏಳುಮಲೈ ಮಾಮ.

ಸಮ ಕೇಳುವುದು ಸುಮ್ಮನೆ ಕೈಯೆತ್ತಿದಂತಲ್ಲ. ಕೇಳಿದ್ದು ತಪ್ಪೆಂದಾದರೆ ಕೇಳಿದವರ ಗಡಿಯಾರಕ್ಕೆ ಐದು ನಿಮಿಷ ದಂಡ. ನನ್ನಲ್ಲಿದ್ದದ್ದು ನಾಲ್ಕು. ತಪ್ಪಾದರೆ ಅಲ್ಲೇ ಸೋಲು. ಆದರೆ ತಪ್ಪಾಗುವುದು ಹೇಗೆ? ಹಾಳೆ ಕಣ್ಣೆದುರೇ ಇತ್ತು. ಗಡಿಯಾರ ನಿಲ್ಲಿಸಿ ಕೈಯೆತ್ತಿದೆ.

ಆ ಹಾಳೆಯ ವಿಷಯ ಹೇಳಬೇಕು.

ವ್ಯಾಸರಪಾಡಿಯ ನಮ್ಮ ಓದುಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಬೆಳಗ್ಗೆ ಪೇಪರು, ಸಂಜೆ ಚದುರಂಗ. ಮೂರು ಮಣೆಗಳಿವೆ. ಆಟ ತಂದವರು ಏಳುಮಲೈ ಮಾಮ, ಬಂದರಿನಲ್ಲಿ ಮೂಟೆ ಹೊರುವವರು. ಅವರಿಗೆ ಕಲಿಸಿದ್ದು ರಷ್ಯಾದ ಹಡಗಿನ ಒಬ್ಬ ಅಡುಗೆಯವನು. ಅವನಿಗೆ ಇವರ ಮಾತು ಬಾರದು, ಇವರಿಗೆ ಅವನದು. ಹಡಗು ಕೆಟ್ಟು ನಿಂತ ಎರಡು ತಿಂಗಳು ಇಬ್ಬರೂ ಒಂದು ಮಾತಿಲ್ಲದೆ ಆಡಿದರಂತೆ. "ಅವನು ತಪ್ಪು ನಡೆಗೆ ಸೌಟಲ್ಲಿ ಕೈ ಮೇಲೆ ಹೊಡೀತಿದ್ದ, ನಾನ್ ನಿಂಗೆ ಹೊಡೀತಿಲ್ಲ, ಪುಣ್ಯ ಅನ್ಕೋ" ಎನ್ನುತ್ತಿದ್ದರು.

ಮಾಮನಿಗೆ ತಮಿಳು ಬಿಟ್ಟು ಬೇರೆ ಓದಲು ಬಾರದು. ಅದಕ್ಕೇ ನಮ್ಮ ಓದುಮನೆಯಲ್ಲಿ ಕಾಯಿಗಳಿಗೆ ತಮಿಳು ಅಕ್ಷರ. ಆನೆಗೆ ತಮಿಳಿನ 'ಯಾನೈ'ಯ 'ಯಾ', ಕುದುರೆಗೆ 'ಕು', ರಾಣಿಗೆ 'ರಾಣಿ'ಯ ತುಂಡು, ಹೀಗೆ ಆರು ಗುರುತು. ಮಣೆಯ ಅಂಚಿನಲ್ಲಿ ಅಚ್ಚಾಗಿದ್ದ ಎಂಟು ಇಂಗ್ಲಿಷ್ ಅಕ್ಷರ, ಎಂಟು ಅಂಕಿ ಮಾತ್ರ ಇದ್ದ ಹಾಗೇ. ಮಾಮ ಆ ಆರನ್ನೂ ಒಂದು ರಟ್ಟಿನ ಮೇಲೆ ಬಣ್ಣದಲ್ಲಿ ಬರೆದು ಗೋಡೆಗೆ ಮೊಳೆ ಹೊಡೆದಿದ್ದರು. ಯೂನಿಯನ್ ಆಫೀಸಿನ ಗುಮಾಸ್ತರೊಬ್ಬರು ಆಟದ ನಿಯಮಗಳನ್ನು ತಮಿಳಿಗೆ ತಂದು ಸೈಕ್ಲೋಸ್ಟೈಲ್ ಮಾಡಿಸಿ ಕೊಟ್ಟಿದ್ದರು. ಅದರಲ್ಲಿ ಸ್ಪಷ್ಟವಾಗಿತ್ತು: ಆಟಗಾರರು ತಮ್ಮ ನಾಡಿನಲ್ಲಿ ಕಾಯಿಗೆ ಯಾವ ಹೆಸರಿದೆಯೋ ಅದರ ಮೊದಲಕ್ಷರವನ್ನು ಬಳಸಬಹುದು. ಮಾಮ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು.

ಎಂಟು ಸುತ್ತು ನಾನು ಅದೇ ಅಕ್ಷರದ ಹಾಳೆಗಳನ್ನು ಸಹಿ ಮಾಡಿ ಒಪ್ಪಿಸಿದ್ದೆ. ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಮೊದಲ ದಿನ ಆಕ್ಷೇಪ ಬಂದದ್ದು ನನ್ನ ಟಿಫಿನ್ ಡಬ್ಬಿಗೆ ಮಾತ್ರ. ಒಣಮೀನಿನ ವಾಸನೆ, ಹೊರಗಿಡಿ ಎಂದರು. ಅಂದಿನಿಂದ ಡಬ್ಬಿಯ ಜೊತೆ ಮಾಮನೂ ಮೇ ತಿಂಗಳ ಕತ್ತರಿ ಬಿಸಿಲಲ್ಲಿ ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ.

ಮುಖ್ಯ ತೀರ್ಪುಗಾರ ವೈದ್ಯಲಿಂಗಂ ಸಫಾರಿ ಜೇಬಿನಿಂದ ಕನ್ನಡಕ ತೆಗೆಯುತ್ತ ಬಂದರು.

"ಏನಮ್ಮ?"

"ಒಂದೇ ಸ್ಥಿತಿ ಮೂರನೇ ಸಲ ಬಂದಿದೆ ಸರ್. ಮೂವತ್ನಾಲ್ಕು, ಮೂವತ್ತಾರು, ಈಗ ಮೂವತ್ತೆಂಟು. ಡ್ರಾ ಕೇಳ್ತಿದೀನಿ."

ಅವರು ನನ್ನ ಹಾಳೆಯನ್ನು ಎತ್ತಿಕೊಂಡರು. ದೂರ ಹಿಡಿದರು, ಹತ್ತಿರ ಹಿಡಿದರು.

"ಇದೇನಿದು, ಧೋಬಿ ಚೀಟಿ ಥರ?"

"ನಡೆಗಳು ಸರ್. ತಮಿಳಲ್ಲಿ ಬರ್ದಿದೀನಿ."

ಪಕ್ಕದ ಮೇಜಿನಲ್ಲಿ ಯಾರೋ ಕಿಸಕ್ಕೆಂದರು.

"ನನಗೆ ಓದೋಕ್ಕಾಗಲ್ಲ."

"ಬೆಳಗ್ಗೆ ಬಾಗಿಲಲ್ಲಿ ಕೂತು ತಮಿಳು ಪೇಪರ್ ಓದ್ತಿದ್ರಲ್ಲ ಸರ್."

ಬಾಯಿ ತಪ್ಪಿ ಬಂದ ಮಾತಲ್ಲ, ಬೇಕೆಂದೇ ಆಡಿದ್ದು. ಅವರ ಕಿವಿ ಕೆಂಪಾಯಿತು.

"ಅದು ಪೇಪರ್. ಇದು ಟೂರ್ನಮೆಂಟ್. ಇಲ್ಲಿ ಇಂಗ್ಲಿಷಲ್ಲಿ ಬರೀಬೇಕು."

"ಆರೇ ಅಕ್ಷರ ಸರ್. ಇನ್ನೊಂದು ಮಣೆ ಕೊಡಿ, ಇದೇ ಹಾಳೆ ಹಿಡ್ಕೊಂಡು ಮೊದಲನೇ ನಡೆಯಿಂದ ಆಡಿ ತೋರಿಸ್ತೀನಿ."

"ನೀನ್ ತೋರ್ಸಿದ್ದನ್ನ ನಾನ್ ನಂಬ್ಬೇಕಾ? ಇವನ ಹಾಳೆ ಜೊತೆ ತಾಳೆಯಾಗ್ಬೇಕು." ಆರಾವಮುದನನ ಹಾಳೆ ಎತ್ತಿದರು. ಮೂವತ್ತೊಂದರ ಕೆಳಗೆ ಬರೀ ಗೀಟುಗಳು. ಆ ಗೀಟುಗಳನ್ನು ಮಾತ್ರ ಅವರು ಯಾವ ತಕರಾರಿಲ್ಲದೆ ಓದಿದರು. "ಅಮುದಾ, ನೀನ್ ಹೇಳು. ಮೂರು ಸಲ ಬಂತಾ?"

ಅವನನ್ನು ಕೇಳಿದರಲ್ಲ, ಸಾಕು ಎಂದುಕೊಂಡೆ. ಹಿಂದಿನ ತಿಂಗಳಷ್ಟೇ ಅವನು ಯಾವುದೋ ಶಾಲೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಟ್ಟಿಗೆ ಆರು ಜನರ ಜೊತೆ ಆಡಿದ್ದ. ಪೇಪರಿನಲ್ಲಿ ಫೋಟೋ ಬಂದಿತ್ತು. ಆರು ಮಣೆ, ನೂರಾತೊಂಬತ್ತೆರಡು ಕಾಯಿ, ಎಲ್ಲ ತಲೆಯೊಳಗೆ.

ಅವನು ನನ್ನನ್ನು ನೋಡಲಿಲ್ಲ. ಮಣೆಯನ್ನೇ ನೋಡುತ್ತ, "ಸರಿಯಾಗಿ ನೆನಪಿಲ್ಲ ಅಂಕಲ್. ಟೈಮ್ ಇರ್ಲಿಲ್ಲ. ಎರಡು ಸಲ ಇರ್ಬೇಕು" ಎಂದ.

ಅಂಕಲ್! ಒಂಬತ್ತು ದಿನ ನನಗೆ ಅವರು ಸರ್ ಆಗಿದ್ದರು.

"ನಿಯಮದಲ್ಲೇ ಇದೆ ಸರ್, ಅವರವರ ನಾಡಿನ ಅಕ್ಷರದಲ್ಲಿ ಬರೀಬಹುದು ಅಂತ."

"ಎಲ್ಲಿದೆ, ತೋರ್ಸು."

ಗೇಟಿನಿಂದ ನನ್ನ ಚೀಲ ತರಿಸಿದರು. ಮಾಮನ ಸೈಕ್ಲೋಸ್ಟೈಲ್ ಕಾಗದ ಬಿಚ್ಚಿ ಕೆಂಪು ಗೆರೆಯ ಸಾಲನ್ನು ತೋರಿಸಿದೆ. ವೈದ್ಯಲಿಂಗಂ ಅದರತ್ತ ಒಮ್ಮೆ ಕಣ್ಣಾಡಿಸಿ ನಕ್ಕುಬಿಟ್ಟರು.

"ಇದೂ ತಮಿಳಾ? ನಿಜವಾದ ನಿಯಮ ಪುಸ್ತಕ ಇಂಗ್ಲಿಷಲ್ಲಿದೆಯಮ್ಮ. ನನ್ನ ಮೇಜಿನ ಮೇಲಿದೆ."

"ಹಾಗಾದ್ರೆ ಅದನ್ನೇ ತೆಗ್ದು ನೋಡಿ ಸರ್. ಇದೇ ಸಾಲು ಅಲ್ಲೂ ಇರತ್ತೆ."

"ಇಪ್ಪತ್ತು ವರ್ಷದಿಂದ ತೀರ್ಪು ಕೊಡ್ತಿದೀನಿ. ನಂಗೆ ನಿಯಮ ಹೇಳ್ಕೊಡ್ತೀಯಾ?"

ಮೇಜು ಹನ್ನೆರಡು ಹೆಜ್ಜೆ ದೂರವಿತ್ತು. ಪುಸ್ತಕದ ಹಸಿರು ರಟ್ಟು ನಾನು ಕೂತಲ್ಲಿಂದ ಕಾಣುತ್ತಿತ್ತು. ಅದರ ಮೇಲೆ ಅವರ ತಮಿಳು ಪೇಪರನ್ನು ಮಡಿಸಿ ಇಟ್ಟಿದ್ದರು. ಹನ್ನೆರಡು ಹೆಜ್ಜೆ. ಆ ಮನುಷ್ಯ ನಡೆಯಲಿಲ್ಲ. ನಾನೇ ಓಡಿಹೋಗಿ ತರಬೇಕಿತ್ತೇ? ಈಗಲೂ ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತೇನೆ. ಆಟದ ನಡುವೆ ಮೇಜು ಬಿಟ್ಟು ಎದ್ದರೆ ಅದಕ್ಕೂ ಒಂದು ನಿಯಮ ಹುಡುಕುತ್ತಿದ್ದರು. ಅದನ್ನು ಮಾತ್ರ ತಕ್ಷಣ ಹುಡುಕುತ್ತಿದ್ದರು.

"ಕೇಳಿಕೆ ಸಾಬೀತಾಗಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ, ವೈದ್ಯಲಿಂಗಂ ಗಡಿಯಾರವನ್ನು ತಿರುಗಿಸಿ ಹಿಡಿದು, ಹಿಂದಿನ ಚಕ್ರವನ್ನು ಹೆಬ್ಬೆರಳಲ್ಲಿ ತಿರುವಿದರು. ನನ್ನ ಮುಳ್ಳು ಜರುಗಿತು. ಸಮಯ ಮುಗಿದಾಗ ಬೀಳುವ ಕೆಂಪು ಬಾವುಟ ಮೇಲೆದ್ದಿತು, ಇನ್ನಷ್ಟು ಎದ್ದಿತು, ಬಿದ್ದಿತು. ಆ ನಾಲ್ಕು ನಿಮಿಷಗಳನ್ನು ನಾನು ಹೇಗೆಲ್ಲ ಕಾಪಾಡಿಕೊಂಡು ಬಂದಿದ್ದೆ!

"ಸಹಿ ಹಾಕಮ್ಮ."

"ಹಾಕಲ್ಲ. ನಾನು ಸೋತಿಲ್ಲ."

"ನೀನ್ ಹಾಕದಿದ್ರೂ ಬೋರ್ಡಲ್ಲಿ ಸೊನ್ನೆ ಸೊನ್ನೆನೇ." ನಿಜಕ್ಕೂ ಆಗಲೇ ಹೋಗಿ ನನ್ನ ಹೆಸರಿನ ಮುಂದೆ ಸೊನ್ನೆ ಬರೆದರು. ದುಂಡಗೆ, ಸಾವಕಾಶವಾಗಿ.

ಆಟ ಮುಗಿದ ಮೇಲೆ ಇಬ್ಬರೂ ಪಕ್ಕದ ಕೋಣೆಯಲ್ಲಿ ಕೂತು ಅದೇ ಆಟವನ್ನು ಮತ್ತೆ ಬಿಚ್ಚಿ ನೋಡುವುದು ವಾಡಿಕೆ. ಗೆದ್ದವರು, ಸೋತವರು, ಜಗಳವಾಡಿದವರು, ಎಲ್ಲರೂ ಕೂರುತ್ತಾರೆ. ನನ್ನನ್ನು ಯಾರೂ ಕರೆಯಲಿಲ್ಲ. ನೀರಿನ ಕೊಡ ಆ ಕೋಣೆಯಲ್ಲಿದ್ದುದರಿಂದ ನಾನೇ ಹೋದೆ.

ಆರಾವಮುದನ್ ಕಿಟಕಿಯ ಪಕ್ಕ ಕೂತಿದ್ದ. ಸುತ್ತ ಅವನ ಕೋಚು, ಮೂರು ನಾಲ್ಕು ಗೆಳೆಯರು. ಅವನ ಕೈ ಮಣೆಯ ಮೇಲೆ ಹಾರಾಡುತ್ತಿತ್ತು. ಮುಂದೆ ಹಾಳೆ ಇರಲಿಲ್ಲ.

"ಇಪ್ಪತ್ತೆರಡರಲ್ಲಿ ಅವಳು ಕುದುರೆ ಹಿಂದಕ್ಕೆ ತಗೊಂಡ್ಳು, ಚೆನ್ನಾಗಿತ್ತು. ನಾನ್ ಅಲ್ಲಿ ಒಂಟೆ ಬಿಟ್ಟಿದ್ರೆ ಕಷ್ಟ ಆಗ್ತಿತ್ತು. ಇಲ್ಲಿ ಕಾಲಾಳು ಹೊಡ್ದೆ. ಆಮೇಲ್ ಬರೀ ಟೈಮ್ ದಾಟ್ಸೋಕೆ ಆಡಿದ್ದು. ನೋಡಿ, ಮೂವತ್ನಾಲ್ಕು, ರಾಣಿ ಇ-ಎಂಟು ಚೆಕ್. ಅವಳು ಎಚ್-ಏಳು. ಇ-ನಾಲ್ಕು ಚೆಕ್, ಅವಳು ವಾಪಸ್. ಮತ್ತೆ ಇ-ಎಂಟು, ಎಚ್-ಏಳು. ಇ-ನಾಲ್ಕು, ವಾಪಸ್. ಮತ್ತೆ ಇ-ಎಂಟು. ಈಗಿಲ್ಲಿಂದ ನಲವತ್ತು ದಾಟಿದ್ರೆ ನಾನ್ ಹೇಗೆ ಗೆಲ್ತಿದ್ದೆ ಅಂದ್ರೆ..."

"ಮೂರು" ಎಂದೆ ನಾನು.

ನೀರಿನ ಲೋಟ ನನ್ನ ಕೈಯಲ್ಲೇ ಇತ್ತು. ಎಲ್ಲರೂ ತಿರುಗಿದರು. ಅವನ ಬೆರಳು ರಾಣಿಯ ತಲೆಯ ಮೇಲೆ ನಿಂತುಬಿಟ್ಟಿತು. ಚದುರಂಗದವರ ಬಾಯಿ ಸುಳ್ಳು ಹೇಳಬಹುದು, ಕೈಗೆ ಅದು ಬರುವುದಿಲ್ಲ. ಆಡಿದ ಆಟವನ್ನು ತೋರಿಸುವ ಚಪಲವೊಂದು ಬಂದರೆ ಕೈ ತಾನಾಗಿಯೇ ಎಲ್ಲವನ್ನೂ ಕಕ್ಕುತ್ತದೆ.

"ನಿಮಗೆ ನೆನಪಿರ್ಲಿಲ್ಲ ಅಂದ್ರಲ್ಲ?"

"ಆಗ ನಿಜವಾಗ್ಲೂ ನೆನಪಿರ್ಲಿಲ್ಲ" ಎಂದ. ದನಿ ಬಹಳ ಸಣ್ಣದಾಗಿತ್ತು.

"ಈಗ ಇದೆಯಲ್ಲ? ಅವರಿಗೆ ಹೇಳಿ."

ಬಾಗಿಲಲ್ಲಿ ವೈದ್ಯಲಿಂಗಂ ಟೀ ಲೋಟ ಹಿಡಿದು ನಿಂತಿದ್ದರು. ಯಾವಾಗ ಬಂದರೋ ತಿಳಿಯದು, ಆದರೆ ಮಣೆಯನ್ನು ನೋಡಿದ್ದರು. ಅವರ ಟೀ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತ್ತು.

"ಸರ್, ನೀವೇ ನೋಡಿದ್ರಿ."

"ಇದು ಆಟ ಬಿಚ್ಚಿ ನೋಡೋ ರೂಮು. ಇಲ್ಲಿ ಆಡಿದ್ದಕ್ಕೆ ಬೆಲೆ ಇಲ್ಲ."

"ನಾನಿನ್ನೂ ಸಹಿ ಹಾಕಿಲ್ಲ ಸರ್. ಆಟ ಮುಗಿದಿಲ್ಲ."

"ಫಲಿತಾಂಶ ಆಫೀಸಿಗೆ ಹೋಯ್ತು. ಬೇಕಿದ್ರೆ ಮೇಲ್ಮನವಿ ಕೊಡು." ಹೊರಡುತ್ತ ತಿರುಗಿ ನಿಂತು ಸೇರಿಸಿದರು: "ಇಂಗ್ಲಿಷಲ್ಲಿ."

ಕೋಚು ಕೆಮ್ಮಿದ. "ಹೋಗ್ಲಿ ಬಿಡಮ್ಮ, ವಯಸ್ಸಿದೆ, ಮುಂದಿನ ವರ್ಷ ಆಡ್ಬಹುದು. ಎಲ್ಲಿಂದ ಬರ್ತೀಯಾ?"

"ವ್ಯಾಸರಪಾಡಿ."

"ಓ" ಎಂದ. ಆ ಒಂದು 'ಓ'ದಲ್ಲಿ ಅವನಿಗೆ ಎಲ್ಲ ಅರ್ಥವಾಗಿತ್ತು. ಆರಾವಮುದನ್ ತಲೆ ತಗ್ಗಿಸಿ ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದ. ಮೊದಲು ರಾಣಿಯನ್ನು.

ಬೇವಿನ ಮರದ ಕೆಳಗೆ ಮಾಮ ಕಾಯುತ್ತಿದ್ದರು. ಡಬ್ಬಿ ಬಿಚ್ಚಿರಲಿಲ್ಲ. ಚೀಲ ತರಿಸಿದಾಗಲೇ ಏನೋ ಕೆಟ್ಟಿದೆ ಎಂದು ಗೊತ್ತಾಗಿ, ಗೇಟಿನವನ ಜೊತೆ ಜಗಳವಾಡಿ, ಅವನು ಒಳಗೆ ಬಿಡದಿದ್ದಾಗ ಮತ್ತೆ ಬಂದು ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಆ ವೈದ್ಯಲಿಂಗನ ಮೂರು ತಲೆಮಾರನ್ನು ಬಯ್ಯುತ್ತಾರೆ, ನನಗೂ ಸ್ವಲ್ಪ ಅಳು ಬರುತ್ತದೆ, ಆಮೇಲೆ ಊಟ ಮಾಡುತ್ತೇವೆ ಎಂದುಕೊಂಡಿದ್ದೆ.

ಮಾಮ ಡಬ್ಬಿಯ ಮುಚ್ಚಳವನ್ನು ಬಿಗಿ ಮಾಡುತ್ತ, "ಇಂಗ್ಲೀಷಲ್ಲೇ ಬರ್ದಿದ್ರೆ ಆಗ್ತಿತ್ತಲ್ಲ ತಾಯಿ. ಆರ್ ಅಕ್ಷರ ತಾನೇ" ಎಂದರು.

ಒಳಗೆ ವೈದ್ಯಲಿಂಗಂ ಚಕ್ರ ತಿರುವಿದಾಗಲೂ ನನಗೆ ಅಷ್ಟು ಉರಿದಿರಲಿಲ್ಲ.

"ನೀವ್ ಹೇಳೋ ಮಾತಾ ಮಾಮ ಇದು? ಗೋಡೆ ಮೇಲೆ ಬರ್ದಿಟ್ಟೋರು ಯಾರು? ಕೆಂಪು ಗೆರೆ ಎಳ್ದೋರು ಯಾರು?"

"ನಾನೇ. ಅದಕ್ಕೇ ಹೇಳ್ತಿದೀನಿ. ನಂಗೆ ಓದೋಕ್ಕೆ ಬರಲ್ಲ ಅಂತ ನಿನ್ನ ಕೈ ಕಟ್ಟಿ ಹಾಕ್ಬಿಟ್ಟೆ."

"ಕೈ ಕಟ್ಟಿದ್ದು ನೀವಲ್ಲ."

"ಯಾರಾದ್ರೇನು, ಜಾಗ ಹೋಯ್ತಲ್ಲ."

ಜಾಗ ಹೋಗಿತ್ತು. ಬಸ್ಸಿನಲ್ಲಿ ನಾವು ಬೇರೆ ಬೇರೆ ಸೀಟಿನಲ್ಲಿ ಕೂತೆವು. ಒಣಮೀನು ಡಬ್ಬಿಯಲ್ಲೇ ಹಳಸಿತು.

ಮೇಲ್ಮನವಿಯನ್ನು ತಮಿಳಿನಲ್ಲೇ ಬರೆದೆ. ಮೂರು ಸಲ ಕಳಿಸಿದೆ, ಮೂರು ಸಲವೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ. ತಲುಪಿದ ಚೀಟಿಗಳು ವಾಪಸ್ ಬಂದವು. ಉತ್ತರ ಬರಲಿಲ್ಲ. ಅಷ್ಟರಲ್ಲಿ ತಂಡದ ಫೋಟೋ ಪೇಪರಿನಲ್ಲಿ ಬಂತು. ನಾಲ್ವರು. ಕೊನೆಯಲ್ಲಿ ಆರಾವಮುದನ್ ಕ್ಯಾಮೆರಾದ ಕಡೆ ನೋಡದೆ ಪಕ್ಕಕ್ಕೆಲ್ಲೋ ನೋಡುತ್ತಿದ್ದ. ಅವನಿಗೂ ಒಂದು ಮುಳ್ಳು ಚುಚ್ಚುತ್ತಿರಬಹುದು. ಚುಚ್ಚಲಿ. ನನ್ನ ಅರ್ಧ ಅಂಕ ಅವನ ಸಂಕಟದಿಂದ ವಾಪಸ್ ಬರುವುದಿಲ್ಲ.

ಓದುಮನೆಯ ಮೂರನೆಯ ಮಣೆಯ ಮೇಲೆ ನಾನು ಆ ಸ್ಥಿತಿಯನ್ನು ಜೋಡಿಸಿಟ್ಟು, ಯಾರೂ ಮುಟ್ಟಬಾರದೆಂದು ಹೇಳಿದ್ದೆ. ಇರುವುದೇ ಮೂರು ಮಣೆ. ಸಂಜೆ ಬರುವವರು ಗೊಣಗಿದರು. "ಏನಮ್ಮ, ಸಮಾಧಿ ಕಟ್ಟಿದ್ದೀಯಾ, ಹೂವಾದ್ರೂ ಹಾಕು" ಎಂದ ಕೆಳಗಿನ ಸೈಕಲ್ ಅಂಗಡಿಯವನು. ನಾನು ಜಗ್ಗಲಿಲ್ಲ.

ಒಂದು ಭಾನುವಾರ ನಾನು ಹೋದಾಗ ಗೋಡೆ ಬೋಳಾಗಿತ್ತು. ಮಾಮ ರಟ್ಟನ್ನು ಕಿತ್ತು ನೆಲದ ಮೇಲೆ ಬೋರಲು ಹಾಕಿ, ಬಣ್ಣದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು.

"ಬಾ ತಾಯಿ. ಆ ಆರ್ ಅಕ್ಷರ ಹೇಳು. ಈ ಕಡೆ ಬರೀತೀನಿ."

ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದೆ.

"ಗುಮಾಸ್ತರನ್ನ ಕೇಳ್ಕೊಂಡ್ ಬಂದೆ. ರಾಜಂಗೆ ಕೆ ಅಂತೆ. ಕುದುರೆಗೆ ಎನ್ ಅಂತೆ. ಯಾಕೆ ಅಂದೆ. ಕುದುರೆ ಹೆಸರೂ ಕೆ-ಇಂದಾನೇ ಶುರುವಂತೆ, ಆದ್ರೆ ಅದನ್ನ ರಾಜ ಮೊದಲೇ ಇಟ್ಕೊಂಡಿದಾನಂತೆ." ಮಾಮ ಗಹಗಹಿಸಿ ನಕ್ಕರು. "ಅಲ್ಲೂ ಇದೇ ಕತೆ ನೋಡು!"

ನನಗೆ ನಗು ಬರಲಿಲ್ಲ. ಬಗ್ಗಿ ರಟ್ಟನ್ನು ಎತ್ತಿಕೊಂಡು, ಹಳೆಯ ಮೊಳೆಗೇ, ತಮಿಳಿನ ಮುಖ ಹೊರಗೆ ಮಾಡಿ ನೇತುಹಾಕಿದೆ. 'ಯಾ' ಅಕ್ಷರದ ಮೇಲೆ ಮಾಮನ ಹೆಬ್ಬೆರಳಿನ ಹಸಿ ಬಣ್ಣ ಅಂಟಿತ್ತು.

"ಮುಂದಿನ ವರ್ಷ ಏನ್ ಮಾಡ್ತೀಯಾ?" ಎಂದರು.

"ಹೀಗೇ ಬರೀತೀನಿ."

"ಮತ್ತೆ ಓದಲ್ಲ ಅಂದ್ರೆ?"

ಇಂಗ್ಲಿಷಿನಲ್ಲಿ ಬರೆದು ಜಾಗ ಗಿಟ್ಟಿಸಿಕೊಂಡರೆ ಆ ಜಾಗಕ್ಕೆ ಏಳುಮಲೈ ಮಾಮನಂಥವರು ಎಂದಾದರೂ ಬರುತ್ತಾರಾ? ಬರೆಯದಿದ್ದರೆ ನಾನಾದರೂ ಬರುತ್ತೇನಾ? ಎರಡೂ ಕಡೆ ಚೆಕ್.

ಮಾಮ ಬಣ್ಣದ ಡಬ್ಬಿ ಮುಚ್ಚಿ, ಕೈಯನ್ನು ಲುಂಗಿಗೆ ಒರೆಸಿ, ಮೂರನೆಯ ಮಣೆಯ ಬಿಳಿ ಕಾಯಿಗಳ ಕಡೆ ಕೂತರು. ಇ-ಎಂಟರಲ್ಲಿದ್ದ ರಾಣಿಯನ್ನು ತೋರಿಸಿ, "ಒಂದು" ಎಂದರು. ನಾನು ನಿಂತೇ ಇದ್ದೆ. "ಕೂತ್ಕೊಳಮ್ಮ, ಗಡಿಯಾರ ಓಡ್ತಿದೆ" ಎಂದರು. ಗಡಿಯಾರವೇ ಇರಲಿಲ್ಲ. ಕೂತೆ. ರಾಜನನ್ನು ಎಚ್-ಏಳಕ್ಕೆ ಸರಿಸಿದೆ. ರಾಣಿ ಇ-ನಾಲ್ಕಕ್ಕೆ ಹೋಯಿತು, ನನ್ನ ರಾಜ ವಾಪಸ್ ಬಂದ, ರಾಣಿ ಮತ್ತೆ ಬಂತು. "ಎರಡು." ಎಚ್-ಏಳು. ಇ-ನಾಲ್ಕು. ವಾಪಸ್. ಮೂಟೆ ಎತ್ತಿ ಎತ್ತಿ ಜಡ್ಡುಗಟ್ಟಿದ ಬೆರಳುಗಳಿಂದ ಮಾಮ ರಾಣಿಯನ್ನು ಮೆಲ್ಲನೆ ಇಟ್ಟು, "ಮೂರು" ಎಂದರು. ಆಮೇಲೆ ಮಣೆಯ ಮೇಲಿಂದ ಕೈ ಚಾಚಿದರು. "ಡ್ರಾ."

ಕೈ ಕುಲುಕಿದೆ.

"ಆಯ್ತಲ್ಲ? ಈಗ ಕಾಯಿ ಎತ್ತಿಡ್ಲಾ? ಪಾಪ, ಜನ ಆಡೋಕೆ ಕಾಯ್ತಿದಾರೆ." ಡಬ್ಬಿ ಹಿಡಿದು ರಾಣಿಯ ಕಡೆ ಕೈ ತಂದರು.

ನಾನು ಆ ಕೈ ಹಿಡಿದುಕೊಂಡೆ, ಬಿಡಲಿಲ್ಲ.